ಗೇರ್ ಬೀಳ್ತಿಲ್ವಾ? ಬಾಕ್ಸ್ ಇಳಿಸೋ ಮುಂಚೆ ಇಂಜಿನ್ ಆಫ್ ಮಾಡಿ ನೋಡಿ!

ಹಾಸನ: ಗಾಡಿ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಅನ್ನುತ್ತೇವೆ. ಹಬೆ ಎದ್ದರೆ ರೇಡಿಯೇಟರ್ ಅನ್ನುತ್ತೇವೆ. ಆದರೆ ಇಂಜಿನ್ನು ಗುರ್ ಎಂದು ಚೆನ್ನಾಗಿಯೇ ಓಡುತ್ತಿದ್ದು, ಗೇರ್ ಮಾತ್ರ ಬೀಳದೇ ಹೋದರೆ? ಎಂಥ ಪಳಗಿದ ಡ್ರೈವರಿಗೂ ಎದೆ ಧಸಕ್ ಅನ್ನುತ್ತೆ. ಯಾಕಂದ್ರೆ ಮುಂದೆ ಕಿವಿಗೆ ಬೀಳುವ ಮಾತು ಗ್ಯಾರೇಜಿನದು: "ಗೇರ್‌ಬಾಕ್ಸ್ ಹೋಗಿದೆ, ಇಳಿಸ್ಬೇಕು!"

ಹೋಗಿರೋದು ಗೇರ್‌ಬಾಕ್ಸೇನಾ, ಅಥವಾ ಅದರ ಮುಂದೆ ಕೂತಿರುವ ಸಣ್ಣ ಸಾಮಾನೇನಾ? ಇದನ್ನು ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ಒಂದೇ ಗಾಡಿ ನಂಬಿಕೊಂಡು ಅಂಗಡಿಗೆ ಸಾಮಾನು ತರುವವರು, ಶಾಲೆ ಮಕ್ಕಳನ್ನು ಬಿಡುವವರು, ಸಕಲೇಶಪುರದ ಕಡೆ ಬಾಡಿಗೆ ಹೊಡೆಯುವವರು ನಮ್ಮೂರಲ್ಲಿ ಕಡಿಮೆಯೇನಲ್ಲ. ಗಾಡಿ ಗ್ಯಾರೇಜಿನಲ್ಲಿ ನಾಲ್ಕು ದಿನ ಕೂತರೆ ಮನೆಯ ಒಲೆಗೂ ಲೆಕ್ಕ ತಪ್ಪುತ್ತೆ.

ಬಿ.ಎಂ. ರಸ್ತೆಯ ಕಡೆಯ ಕಿರಾಣಿ ಅಂಗಡಿಯವರೊಬ್ಬರ ಓಮ್ನಿ ಕಥೆ ಕೇಳಿ. ಬೆಳಗಿನ ಹೊತ್ತು, ಹಿಂದೆ ಅಕ್ಕಿ, ಬೇಳೆ, ಎಣ್ಣೆ ಡಬ್ಬ. ಸರ್ಕಲ್ಲಿನಲ್ಲಿ ನಿಂತ ಗಾಡಿಗೆ ಫಸ್ಟ್ ಗೇರ್ ಹಾಕಲು ಹೋದರೆ "ಕರ್ರ್...!" ರಿವರ್ಸಿಗೂ ಅದೇ ರಾಗ. ಹಿಂದೆ ಬಸ್ಸಿನ ಹಾರನ್ನು, ಮುಂದೆ ಪೊಲೀಸಿನ ಸೀಟಿ. ನಾಲ್ಕು ಜನ ಸೇರಿ ಬದಿಗೆ ತಳ್ಳಿದರು. ಹತ್ತಿರದ ಗ್ಯಾರೇಜಿನಿಂದ ಬಂದವರು ಲಿವರ್ ಎರಡು ಸಲ ಅಲ್ಲಾಡಿಸಿ "ಬಾಕ್ಸ್ ಕೆಲ್ಸ ಅಣ್ಣಾ, ಮೂರು ದಿನ ಬಿಡಿ" ಅಂದರು.

ಅಂಗಡಿಯವರಿಗೆ ಮನಸ್ಸು ಒಪ್ಪಲಿಲ್ಲ. ಪರಿಚಯದ ಹಳೇ ಮೇಸ್ತ್ರಿಯೊಬ್ಬರನ್ನು ಕರೆಸಿದರು. ಮೇಸ್ತ್ರಿ ಸ್ಪ್ಯಾನರ್ರನ್ನೂ ಮುಟ್ಟಲಿಲ್ಲ, ಬಾನೆಟ್ಟನ್ನೂ ಎತ್ತಲಿಲ್ಲ. "ಯಜಮಾನ್ರೇ, ಇಂಜಿನ್ ಆಫ್ ಮಾಡಿ. ಈಗ ಗೇರ್ ಹಾಕಿ ನೋಡಣ" ಅಂದರು. ಫಸ್ಟ್, ಸೆಕೆಂಡ್, ಥರ್ಡ್, ಫೋರ್ತ್, ರಿವರ್ಸ್... ಬೆಣ್ಣೆಗೆ ಚಾಕು ಇಳಿದ ಹಾಗೆ ಎಲ್ಲಾ ಬಿತ್ತು!

"ಬಾಕ್ಸ್ ಚೆನ್ನಾಗೈತೆ. ಕ್ಲಚ್ಚೇ ಬಿಡ್ತಿಲ್ಲ" ಎಂದ ಮೇಸ್ತ್ರಿ ಅಡಿಗೆ ಬಗ್ಗಿ ನೋಡಿದರೆ, ಕ್ಲಚ್ ಕೇಬಲ್ಲಿನ ಎಳೆಗಳು ಒಂದೊಂದೇ ಹರಿದು ಎರಡು ಮೂರು ಉಳಿದಿದ್ದವು. ಹೊಸ ಕೇಬಲ್ ಬಿತ್ತು. ಮಧ್ಯಾಹ್ನಕ್ಕೆ ಲೋಡು ಅಂಗಡಿ ಸೇರಿತು. ಕೇಬಲ್ಲಿನದು ನೂರರ ಲೆಕ್ಕ, ಬಾಕ್ಸಿನದು ಸಾವಿರಗಳ ಲೆಕ್ಕ. ನಡುವೆ ಇದ್ದದ್ದು ಒಂದು ನಿಮಿಷದ ಪರೀಕ್ಷೆ ಅಷ್ಟೇ.

ಪುಕ್ಕಟೆ ಪರೀಕ್ಷೆ

ಈ ಪರೀಕ್ಷೆಗೆ ಡಿಪ್ಲೊಮಾ ಬೇಡ, ಕೈಗೆ ಗ್ರೀಸೂ ಮೆತ್ತಿಕೊಳ್ಳಬೇಕಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ಒಂದೊಂದೇ ಗೇರ್ ಹಾಕಿ.

ಇಂಜಿನ್ ಆಫ್ ಇದ್ದಾಗ ಎಲ್ಲಾ ಗೇರ್ ಬಿದ್ದು, ಆನ್ ಮಾಡಿದಾಗ ಬೀಳದಿದ್ದರೆ ತಪ್ಪು ಸಾಮಾನ್ಯವಾಗಿ ಕ್ಲಚ್ಚಿನದು. ಆಫ್ ಇದ್ದಾಗಲೂ ಬೀಳದಿದ್ದರೆ ತಪ್ಪು ಲಿವರಿನಿಂದ ಬಾಕ್ಸಿಗೆ ಹೋಗುವ ರಾಡು-ಕೇಬಲ್ಲಿನದು, ಇಲ್ಲವೇ ಬಾಕ್ಸಿನ ಒಳಗಿನದು. ಒಂದು ಮಾತು ನೆನಪಿರಲಿ: ನಿಂತ ಗಾಡಿಯಲ್ಲಿ ಒಮ್ಮೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ನಿಂತು, ಬಾಕ್ಸ್ ಚೆನ್ನಾಗಿದ್ದರೂ ಒಂದು ಗೇರ್ ಬೀಳದೇ ಇರಬಹುದು. ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ತಳ್ಳಿ ಮತ್ತೆ ಹಾಕಿ ನೋಡಿ. ಆಮೇಲೆ ತೀರ್ಪು ಕೊಡಿ.

ಎರಡನೇ ಪರೀಕ್ಷೆ ರಿವರ್ಸ್ ಗೇರಿನದು. ಇಂಜಿನ್ ಆನ್ ಇರಲಿ. ಕ್ಲಚ್ಚನ್ನು ನೆಲ ಮುಟ್ಟುವಂತೆ ತುಳಿದು, ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸಿ, ನಿಧಾನಕ್ಕೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿದೆ. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಣಿಸದೇ ತಟ್ಟನೆ ಹಾಕಿ ಸದ್ದು ಬಂತೆಂದು ಹೆದರಬೇಡಿ. ಎಷ್ಟೋ ಕಾರುಗಳ ರಿವರ್ಸಿಗೆ ಮುಂದಿನ ಗೇರುಗಳಿಗಿರುವ ಸಿಂಕ್ರೊ ಅನುಕೂಲ ಇರೋದಿಲ್ಲ.

ಕ್ಲಚ್ ಮಾಡೋ ಕೆಲಸ ಏನು ಸ್ವಾಮಿ?

ಇಂಜಿನ್ನು ಓಡುವಾಗ ಅದರ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತೆ. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್ ಇದೆ. ಪ್ಲೇಟನ್ನು ಒತ್ತಿ ಹಿಡಿಯೋದು ಪ್ರೆಷರ್ ಪ್ಲೇಟ್. ಪೆಡಲ್ ತುಳಿದಾಗ ಈ ಹಿಡಿತ ಸಡಿಲವಾಗಿ, ಇಂಜಿನ್ನಿನ ತಿರುಗು ಬಾಕ್ಸಿಗೆ ಹೋಗೋದು ನಿಲ್ಲುತ್ತೆ. ಆ ಕ್ಷಣದಲ್ಲೇ ಗೇರ್ ಬೀಳಬೇಕು. ಹಿಡಿತ ಪೂರ್ತಿ ಸಡಿಲವಾಗದಿದ್ದರೆ, ಓಡುವ ಬಸ್ಸಿಗೆ ನಿಂತಲ್ಲಿಂದ ಹತ್ತಲು ಹೋದವನ ಗತಿಯೇ ಗೇರಿಗೆ! ಕಾಲು ಊರುವುದಿಲ್ಲ, ಹಲ್ಲು ಸವೆಯುತ್ತೆ.

ಈ ತಾಪತ್ರಯ ಹೊಸದಲ್ಲ. ಹಳೇ ಲಾರಿ ಡ್ರೈವರುಗಳು ಗೇರ್ ಇಳಿಸುವಾಗ ಎರಡು ಸಲ ಕ್ಲಚ್ ತುಳಿಯುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಒಮ್ಮೆ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಣ್ಣ ರೇಸು, ಮತ್ತೆ ತುಳಿದು ಕೆಳಗಿನ ಗೇರ್. ಅದೇ ಡಬಲ್ ಕ್ಲಚ್. ಈ ಕಷ್ಟ ತಪ್ಪಿಸಲು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನವರು ಸಿಂಕ್ರೋಮೆಶ್ ಎಂಬ ಏರ್ಪಾಡನ್ನು ತಂದರು. ಗೇರಿನ ಪಕ್ಕ ಒಂದು ರಿಂಗು ಉಜ್ಜಿ, ಎರಡೂ ಕಡೆಯ ವೇಗವನ್ನು ಮೊದಲು ಸರಿದೂಗಿಸಿ, ಆಮೇಲೆ ಹಲ್ಲು ಕೂಡಿಸುತ್ತದೆ. ಇವತ್ತು ನಾವು ಒಂದೇ ಸಲ ತುಳಿದು ಗೇರ್ ಹಾಕುವುದು ಆ ರಿಂಗಿನ ಪುಣ್ಯ.

ಮೊದಲು ಕಾಲ ಕೆಳಗೆ ನೋಡಿ

ಕ್ಲಚ್ ಬಿಡ್ತಿಲ್ಲ ಅಂತ ಗೊತ್ತಾಯಿತು. ಈಗ ಎಲ್ಲಿಂದ ಹುಡುಕೋದು? ಅಗ್ಗದ ಕಡೆಯಿಂದ!

ಮೊದಲು ಪೆಡಲಿನ ಕೆಳಗೆ ನೋಡಿ. ನಗಬೇಡಿ. ಕಾಲಡಿಯ ಮ್ಯಾಟು ಮಡಿಸಿಕೊಂಡು ಪೆಡಲಿಗೆ ಅಡ್ಡ ಕೂತರೆ ಪೆಡಲ್ ಕೊನೆತನಕ ಹೋಗದು, ಗೇರೂ ಬೀಳದು. ಮ್ಯಾಟ್ ಸರಿಸಿದರೆ ರಿಪೇರಿ ಮುಗಿದ ಹಾಗೆ.

ಆಮೇಲೆ ನಿಮ್ಮದು ಕೇಬಲ್ ಕ್ಲಚ್ಚೋ, ಆಯಿಲ್ ಕ್ಲಚ್ಚೋ ತಿಳಿದುಕೊಳ್ಳಿ. ಮಾರುತಿ 800 ಮತ್ತು ಓಮ್ನಿ ಕೇಬಲ್ ಗಾಡಿಗಳು. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತರೂ ಜಿಲ್ಲೆಯ ರಸ್ತೆಗಳಲ್ಲಿ ಇನ್ನೂ ಕಾಣಸಿಗುತ್ತವೆ. ಕೇಬಲ್ ಹಿಗ್ಗಿದರೆ ಪೆಡಲಿನಲ್ಲಿ ಸಡಿಲ ಜಾಸ್ತಿಯಾಗುತ್ತೆ. ಎಷ್ಟು ತುಳಿದರೂ ಕೊನೆಯ ಒಂದು ಅಂಗುಲದಲ್ಲಿ ಮಾತ್ರ ಕೆಲಸ ಮಾಡುತ್ತೆ. ಅಡ್ಜಸ್ಟ್ ಮಾಡುವ ನಟ್ಟು ತಿರುಗಿಸಿದರೆ ಸರಿಹೋಗಬಹುದು. ಆದರೆ ಎಳೆ ಹರಿದಿದ್ದರೆ ಅಡ್ಜಸ್ಟ್ ಮಾಡಿ ದಿನ ದೂಡಬೇಡಿ, ಬದಲಿಸಿ. ಹರಿಯುವ ಕೇಬಲ್ ಮುನ್ಸೂಚನೆ ಕೊಡದೇ ಇರೋದಿಲ್ಲ. ಪೆಡಲ್ ಗಟ್ಟಿಯಾಗುತ್ತೆ, ತುಳಿದಾಗ ಕಿರ್ ಅನ್ನುತ್ತೆ, ವಾಪಸ್ ಬರುವಾಗ ತಡವರಿಸುತ್ತೆ. ಹಾಗೆಂದು ಕೇಬಲ್ಲನ್ನು ವೀಣೆ ತಂತಿಯ ಹಾಗೆ ಬಿಗಿಯಲೂಬಾರದು. ಪೆಡಲಿನ ಮೇಲ್ಭಾಗದಲ್ಲಿ ಸ್ವಲ್ಪ ಸಡಿಲ ಬೇಕೇ ಬೇಕು. ಇಲ್ಲದಿದ್ದರೆ ಪ್ಲೇಟ್ ಜಾರಿ ಸುಡುತ್ತೆ. ಎಷ್ಟು ಸಡಿಲ ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತೆ.

ಆಯಿಲ್ ಕ್ಲಚ್ಚಿನ ಗಾಡಿಯಾದರೆ ಪೆಡಲನ್ನು ಬೇಗ ಬೇಗ ಮೂರು ನಾಲ್ಕು ಸಲ ಪಂಪ್ ಮಾಡಿ ಗೇರ್ ಹಾಕಿ. ಆಗ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಆಯಿಲ್ ಸೋರುತ್ತಿದೆ ಎಂದು ಅನುಮಾನಿಸಬಹುದು. ಡಬ್ಬಿಯಲ್ಲಿ ಮಟ್ಟ ನೋಡಿ. ಪೆಡಲಿನ ಮೇಲ್ಗಡೆ, ಗಾಡಿಯ ಒಳಗೇ ಒದ್ದೆಯಾಗಿದ್ದರೆ ಮೇಲಿನ ಸಿಲಿಂಡರು ಸೋರುತ್ತಿದೆ. ಬಾಕ್ಸಿನ ಹತ್ತಿರ ಒದ್ದೆಯಾಗಿದ್ದರೆ ಕೆಳಗಿನ ಸಿಲಿಂಡರು. ಸೋರಿಕೆ ನಿಲ್ಲಿಸಿ, ಒಬ್ಬರು ಪೆಡಲ್ ತುಳಿದು ಹಿಡಿದು ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಏರ್ ತೆಗೆದರೆ ಕ್ಲಚ್ ಮತ್ತೆ ಜೀವ ಪಡೆಯುತ್ತೆ. ಸೋರಿಕೆ ನಿಲ್ಲಿಸದೆ ಬರೀ ಆಯಿಲ್ ತುಂಬೋದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಈ ಡಬ್ಬಿಗೆ ಬೇಕಿರೋದು ಬ್ರೇಕ್ ಆಯಿಲ್. ಅವಸರಕ್ಕೆ ಇಂಜಿನ್ ಆಯಿಲ್ ಹೊಯ್ದರೆ ಒಳಗಿನ ರಬ್ಬರ್ ಊದಿಕೊಂಡು ಇಡೀ ಲೈನು ಹಾಳು. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂದರೆ ಹೋಗೋದು ಕ್ಲಚ್ ಮಾತ್ರ ಅಲ್ಲ, ಪ್ರಾಣದ ಪ್ರಶ್ನೆ! ಮುಚ್ಚಳ ತೆಗೆದು ತಿಂಗಳುಗಟ್ಟಲೆ ಇಟ್ಟ ಬ್ರೇಕ್ ಆಯಿಲ್ಲೂ ಬೇಡ. ಅದು ಗಾಳಿಯ ತೇವ ಹೀರಿಕೊಳ್ಳುತ್ತೆ.

ಮಲೆನಾಡಿನ ಅಂಟು ರೋಗ

ಕೇಬಲ್ ಸರಿಯಿದೆ, ಆಯಿಲ್ ಇದೆ, ಆದರೂ ಬಿಡ್ತಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬಹುದು. ತೇವದಲ್ಲಿ, ನೆರೆ ನೀರಿನಲ್ಲಿ ನಿಂತ ಗಾಡಿಗಳಿಗೆ ಇದು ಮಾಮೂಲು ಕಾಯಿಲೆ. 2018 ಮತ್ತು 2019ರ ಆಗಸ್ಟಿನಂಥ ಮಳೆ ಬಂದಾಗ ಮಲೆನಾಡಿನಲ್ಲಿ ನೆನೆದು ನಿಂತ ಗಾಡಿಗೆ ಮೊದಲು ಬಾಕ್ಸಿನ ಮೇಲೆ ಅನುಮಾನ ಪಡೋದು ಸರಿಯಲ್ಲ. ಪ್ಲೇಟು ಬಿಡಿಸುವ ಉಪಾಯ ಮೇಸ್ತ್ರಿಗಳಿಗೆ ಗೊತ್ತು. ಖಾಲಿ ಮೈದಾನದಲ್ಲಿ ಇಂಜಿನ್ ಬಿಸಿ ಮಾಡಿ, ಕ್ಲಚ್ ತುಳಿದೇ ಗೇರಿನಲ್ಲಿ ಓಡಿಸಿ, ಆಕ್ಸಿಲರೇಟರ್ ಒತ್ತಿ ಬಿಟ್ಟು ಜರ್ಕ್ ಕೊಟ್ಟು ಬಿಡಿಸುತ್ತಾರೆ. ಇದನ್ನು ಬೀದಿಯಲ್ಲಿ, ಅಂಗಡಿ ಮುಂದೆ ಮಾಡಲು ಹೋಗಬೇಡಿ. ಗಾಡಿ ಯಾವ ಕ್ಷಣದಲ್ಲಿ ಯಾವ ಕಡೆ ನುಗ್ಗೀತೋ!

ಇದ್ಯಾವುದೂ ಅಲ್ಲದಿದ್ದರೆ ರಿಲೀಸ್ ಬೇರಿಂಗ್ ಸವೆದಿರಬಹುದು, ಫೋರ್ಕ್ ಬಾಗಿರಬಹುದು, ಪ್ಲೇಟಿನ ಸ್ಪ್ರಿಂಗ್ ಮುರಿದು ಸಿಕ್ಕಿಕೊಂಡಿರಬಹುದು. ಇವಕ್ಕೆ ಬಾಕ್ಸ್ ಇಳಿಸಲೇಬೇಕು, ಬೇರೆ ದಾರಿಯಿಲ್ಲ. ಇಳಿಸಿದ ಮೇಲೆ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಮೂರನ್ನೂ ಕಣ್ಣಾರೆ ನೋಡಿ. ಸವೆದಿದ್ದನ್ನು ಆಗಲೇ ಬದಲಿಸಿ. ನಾಳೆ ಬೇರಿಂಗಿಗಾಗಿ ಮತ್ತೆ ಇಳಿಸಿದರೆ ಕೂಲಿ ಎರಡನೇ ಸಲ ತೆರಬೇಕು.

ಇಂಜಿನ್ ಆಫ್ ಆದ್ರೂ ಬೀಳದಿದ್ರೆ?

ಆಗಲೂ ಬಾಕ್ಸಿಗೆ ಕೈ ಹಾಕುವ ಮುಂಚೆ ಲಿವರಿನ ಕಡೆ ನೋಡಬೇಕು. ಲಿವರಿಗೂ ಬಾಕ್ಸಿಗೂ ನಡುವೆ ರಾಡೋ ಕೇಬಲ್ಲೋ ಇರುತ್ತೆ. ಅದರ ಕೀಲುಗಳಲ್ಲಿ ಸಣ್ಣ ಬುಷ್ಷು. ಬುಷ್ ಪುಡಿಯಾದರೆ, ಪಿನ್ ಬಿದ್ದು ಹೋದರೆ, ಲಿವರ್ ಗಂಜಿಯಲ್ಲಿ ಸೌಟು ತಿರುಗಿಸಿದ ಹಾಗೆ ಅತ್ತಿತ್ತ ಆಡುತ್ತೆ. ಗೇರ್ ಮಾತ್ರ ಸಿಗಲ್ಲ. ಒಬ್ಬರು ಲಿವರ್ ಆಡಿಸುವಾಗ ಇನ್ನೊಬ್ಬರು ಬಾಕ್ಸಿನ ಹತ್ತಿರ ನೋಡಿದರೆ ಗೊತ್ತಾಗುತ್ತೆ. ಮೇಲೆ ಆಡಿದ್ದು ಕೆಳಗೆ ಆಡದಿದ್ದರೆ ತೊಂದರೆ ನಡುವೆಯೇ ಇದೆ. ಗಾಡಿ ಅಡಿಗೆ ಹೋಗುವಾಗ ಬರೀ ಜಾಕಿ ನಂಬಿ ಹೋಗಬೇಡಿ. ಸ್ಟ್ಯಾಂಡ್ ಕೊಡಿ, ಇಂಜಿನ್ ಆಫ್ ಇರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ.

ಅಂಬಾಸಡರ್ ಟ್ಯಾಕ್ಸಿ ಓಡಿಸಿದವರಿಗೆ ಈ ರಾಡಿನ ಆಟ ಚೆನ್ನಾಗಿ ಗೊತ್ತು. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಕಚ್ಚಿಕೊಂಡರೆ ಡ್ರೈವರು ಇಳಿದು, ಬಾನೆಟ್ ಎತ್ತಿ, ರಾಡನ್ನು ಕೈಯಿಂದಲೇ ಎಳೆದು ಬಿಡಿಸಿ ಮತ್ತೆ ಹತ್ತುತ್ತಿದ್ದರು. 2014ರಲ್ಲಿ ತಯಾರಿಕೆ ನಿಂತ ಆ ಕಾರು ಕಲಿಸಿದ ಪಾಠ ಮಾತ್ರ ಹಳತಾಗಿಲ್ಲ: ಕಚ್ಚಿಕೊಂಡದ್ದೆಲ್ಲಾ ಬಾಕ್ಸಲ್ಲ!

ಒಂದೇ ಒಂದು ಗೇರ್, ಅದರಲ್ಲೂ ಸೆಕೆಂಡೋ ಥರ್ಡೋ ಮಾತ್ರ ಕರ್ರ್ ಅನ್ನುತ್ತಿದ್ದು ಮಿಕ್ಕಿದ್ದು ಚೆನ್ನಾಗಿ ಬೀಳುತ್ತಿದ್ದರೆ ಅದು ಆ ಗೇರಿನ ಸಿಂಕ್ರೊ ರಿಂಗ್ ಸವೆದ ಲಕ್ಷಣ. ಇದು ನಿಜವಾದ ಬಾಕ್ಸ್ ಕೆಲಸ. ಅದಕ್ಕೆ ಮೊದಲು ಬಾಕ್ಸಿನ ಆಯಿಲ್ ನೋಡಿ. ಎಷ್ಟೋ ಜನ ಇಂಜಿನ್ ಆಯಿಲ್ ತಪ್ಪದೆ ಬದಲಿಸುತ್ತಾರೆ, ಬಾಕ್ಸಿಗೂ ಆಯಿಲ್ ಇದೆ ಅನ್ನೋದೇ ಮರೆತಿರುತ್ತಾರೆ. ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ನಂಬರು ದೊಡ್ಡದು ಅಂತ ಜಿಎಲ್-5 ಹಾಕಿಸಿದರೆ ಅದರಲ್ಲಿನ ಮದ್ದು ಹಿತ್ತಾಳೆಯ ರಿಂಗನ್ನು ತಿನ್ನಬಹುದು.

ಇನ್ನು, ಗೇರ್ ಸಲೀಸಾಗಿ ಬಿದ್ದೂ ಗಾಡಿ ಹೋಗದಿದ್ದರೆ ಅದು ಬೇರೆಯೇ ಕಥೆ. ರೇಸ್ ಏರುತ್ತೆ, ಸುಟ್ಟ ವಾಸನೆ ಬರುತ್ತೆ, ಗಾಡಿ ಕದಲಲ್ಲ ಎಂದರೆ ಕ್ಲಚ್ ಪ್ಲೇಟ್ ತೀರಿದೆ. ವಾಸನೆಯಿಲ್ಲದೆ ಬರೀ ಕಟಕಟ ಅಂದರೆ ಚಕ್ರಕ್ಕೆ ಹೋಗುವ ಆಕ್ಸೆಲ್ ನೋಡಿಸಿ.

ಆಟೋಮ್ಯಾಟಿಕ್ಕಿನವರಿಗೂ ಒಂದು ಮಾತು

2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರುಗಳು ನಮ್ಮ ಕಡೆಯೂ ಸಾಕಷ್ಟು ಆಗಿವೆ. ಇವುಗಳಲ್ಲಿ ಬ್ರೇಕ್ ಒತ್ತದೆ ಗೇರ್ ಸಾಮಾನ್ಯವಾಗಿ ಬೀಳದು. ಒತ್ತಿದರೂ ಬೀಳದಿದ್ದರೆ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ಉರಿಯುತ್ತಾ ಕೇಳಿ. ಉರಿಯದಿದ್ದರೆ ಪೆಡಲಿನ ಹತ್ತಿರದ ಸ್ವಿಚ್ಚೋ ಫ್ಯೂಸೋ ಹೋಗಿರಬಹುದು. ನೀವು ಬ್ರೇಕ್ ಒತ್ತಿದ್ದು ಗಾಡಿಗೆ ಗೊತ್ತೇ ಆಗಿಲ್ಲ! ಸಣ್ಣ ಸ್ವಿಚ್ಚಿಗಾಗಿ ದೊಡ್ಡ ಗಾಡಿಯನ್ನು ಟೋ ಮಾಡಿಸಿ ಹಾಸನದಿಂದ ಬೆಂಗಳೂರಿಗೆ ಕಳಿಸಬೇಕಿಲ್ಲ.

ಘಾಟಿಯಲ್ಲಿ ಕೈಕೊಟ್ಟರೆ

ಶಿರಾಡಿಯಲ್ಲಿ ಲಾರಿಗಳ ಹಿಂದೆ ಸಾಲು ನಿಂತಾಗ ಕ್ಲಚ್ ಕೈಕೊಟ್ಟರೆ? ಇಳಿಜಾರಿನಲ್ಲಿದ್ದು ಗಾಡಿ ಗೇರಿನಲ್ಲೇ ಓಡುತ್ತಿದ್ದರೆ ಆ ಗೇರನ್ನು ಬಿಡಬೇಡಿ. ನ್ಯೂಟ್ರಲ್ ಮಾಡಿದರೆ ಮತ್ತೆ ಬೀಳದು. ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕ್ ಕಾಯ್ದು ಹಿಡಿತ ತಪ್ಪುತ್ತೆ. ಅದೇ ಗೇರಿನಲ್ಲಿ ಅಗಲವಾದ ಜಾಗ ಸಿಗುವವರೆಗೆ ಬಂದು, ಬದಿಗೆ ಸೇರಿ, ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿ.

ಅಪಾಯದ ತಿರುವಿನಲ್ಲೇ ನಿಂತುಹೋಗಿದ್ದರೆ ಒಂದು ಆಪತ್ಕಾಲದ ಉಪಾಯ ಇದೆ. ಇಂಜಿನ್ ಆಫ್ ಇದ್ದಾಗಲೇ ಫಸ್ಟ್ ಗೇರ್ ಹಾಕಿ, ಮುಂದೆ ಜನ, ಗಾಡಿ ಯಾರೂ ಇಲ್ಲವೆಂದು ನೋಡಿ, ಕೀಲಿ ತಿರುಗಿಸಿದರೆ ಗಾಡಿ ಕುಪ್ಪಳಿಸುತ್ತಾ ಹೊರಡುತ್ತೆ. ಹತ್ತು ಮಾರು ದೂರದ ಸುರಕ್ಷಿತ ಜಾಗಕ್ಕೆ ಹೋಗಲು ಮಾತ್ರ ಇದು. ಊರು ತನಕ ಬರಲು ಅಲ್ಲ.

ಅಷ್ಟಕ್ಕೂ ಕ್ಲಚ್ ತಾನಾಗಿ ಹಾಳಾಗೋದಕ್ಕಿಂತ ನಾವು ಹಾಳು ಮಾಡೋದೇ ಹೆಚ್ಚು. ಎಡಗಾಲನ್ನು ಸದಾ ಪೆಡಲಿನ ಮೇಲೆ ಮಲಗಿಸೋದು, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳೋದು, ಗಾಡಿ ಪೂರ್ತಿ ನಿಲ್ಲುವ ಮುಂಚೆ ರಿವರ್ಸ್ ಹಾಕೋದು. ಈ ಮೂರು ಬಿಟ್ಟರೆ ಗ್ಯಾರೇಜಿನ ಹಾದಿ ಎಷ್ಟೋ ಅಪರೂಪವಾಗುತ್ತೆ.

ಬಿಲ್ ಕೇಳಿ, ಹಳೇ ಸಾಮಾನು ಕೇಳಿ

ಗ್ಯಾರೇಜಿನವರೆಲ್ಲಾ ಮೋಸಗಾರರು ಅಂತ ನಾವು ಹೇಳ್ತಿಲ್ಲ. ಮೇಸ್ತ್ರಿಗಳ ದೂರೂ ಇದೆ. "ಬರುವಾಗಲೇ ಬಾಕ್ಸ್ ಹೋಗಿದೆ, ಇಳಿಸಿ ಅಂತಾರೆ ಸಾರ್. ಏನಾಯ್ತು, ಯಾವಾಗ ಆಯ್ತು ಅಂದ್ರೆ ಬಾಯಿ ಬಿಡಲ್ಲ" ಅನ್ನುತ್ತಾರೆ ಅವರು. ನ್ಯಾಯವಾದ ಮಾತೇ. ಆದ್ದರಿಂದ ಹೋದಾಗ ಮೂರು ಸಂಗತಿ ಹೇಳಿ: ಇಂಜಿನ್ ಆಫ್ ಇದ್ದಾಗ ಬೀಳುತ್ತಾ ಇಲ್ವಾ, ಎಲ್ಲಾ ಗೇರಾ ಒಂದೇ ಗೇರಾ, ಪೆಡಲ್ ಗಟ್ಟಿಯಾ ಸಡಿಲವಾ. ಇಷ್ಟು ಹೇಳಿದ ಗಿರಾಕಿಗೆ ಸುಳ್ಳು ಹೇಳಲು ಯಾರಾದರೂ ಹಿಂದೆ ಮುಂದೆ ನೋಡುತ್ತಾರೆ.

ಕೆಲಸಕ್ಕೆ ಮೊದಲು ಅಂದಾಜು ಖರ್ಚು ಬರೆಸಿಕೊಳ್ಳಿ. ಮುಗಿದ ಮೇಲೆ ಬಿಲ್ ಕೇಳಿ. ಬದಲಿಸಿದ ಹಳೇ ಸಾಮಾನು ನಿಮ್ಮದು, ಕೈಗೆ ಇಸಿದುಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೂ ಕಾನೂನಿನ ಕಣ್ಣಿಗೆ ಸೇವೆಯೇ. 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಆದರೆ ಬಿಲ್ಲಿಲ್ಲದೆ ಹೋದರೆ ಅಲ್ಲಿ ತೋರಿಸೋದು ಏನನ್ನು? "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀವಿ" ಅನ್ನುವ ಮಾತಿಗೆ ಮರುಳಾಗಿ ಉಳಿಸಿದ ನೂರು ರೂಪಾಯಿ, ಬಾಕ್ಸ್ ಮತ್ತೆ ಕಚ್ಚಿಕೊಂಡ ದಿನ ಸಾವಿರಗಳಾಗಿ ವಾಪಸ್ ಹೋಗುತ್ತೆ.